ಪೂನಮ್ ಕೈಮೇಲಿನ ನಂಬರ್

ಅಪ್ಪಾ,

ಪೂನಮ್ ಸಿಕ್ಕಿದ್ದಾಳೆ, ಮೊದಲು ಅದನ್ನೇ ಹೇಳುತ್ತೇನೆ.

ಮೂರು ದಿನ ರಜೆ ಅಂತ ಹಾಸ್ಟೆಲ್‌ನಿಂದ ದೊಡವಾಡಕ್ಕೆ ಬಂದಿದ್ದೆ. ಇವತ್ತು ಅವ್ವ, ನಾನು, ಪೂನಮ್ ಕಿತ್ತೂರು ಉತ್ಸವಕ್ಕೆ ಹೋದೆವು. ನಿನ್ನನ್ನು ಮಣ್ಣು ಮಾಡಿದ ಮೇಲೆ ಮೂವರೂ ಹೊರಗೆ ಹೊರಟದ್ದು ಇದೇ ಮೊದಲು. ನೀನು ಮಾಡುತ್ತಿದ್ದ ಹಾಗೆಯೇ, ಬಸ್ ಹತ್ತುವ ಮುಂಚೆ ತಂಗಿಯ ಮುಂಗೈ ಮೇಲೆ ಬಾಲ್‌ಪೆನ್ನಿನಿಂದ ಫೋನ್ ನಂಬರ್ ಬರೆದೆ.

ಕೋಟೆ ಬಾಗಿಲಲ್ಲಿ ಸೆಲ್ಫಿಗೆ ಅಂತ ಒಂದು ನಿಮಿಷ ಅವಳ ಕೈ ಬಿಟ್ಟೆ. ಆಮೇಲೆ ಅರ್ಧ ತಾಸು ಅವಳು ಕಾಣಲಿಲ್ಲ. ಐ ಸ್ವೇರ್ ಅಪ್ಪಾ, ಒಂದೊಂದು ಅಂಗಡಿಯಲ್ಲೂ ಹುಡುಕಿದೆ. ಅವ್ವ ಮೊಬೈಲನ್ನೇ ನೋಡುತ್ತ, "ಕೈಮ್ಯಾಲ ನಂಬರ್ ಐತೆಲ್ಲ, ಯಾರಾರ ಫೋನ್ ಹಚ್ಚತಾರ" ಅನ್ನುತ್ತಿದ್ದಳು. ಯಾರೂ ಹಚ್ಚಲಿಲ್ಲ.

ಕೊನೆಗೆ ಮಿರ್ಚಿ ಭಜಿ ಅಂಗಡಿಯಲ್ಲಿ ಸಿಕ್ಕಳು, ಭಜಿ ತಿನ್ನುತ್ತ. ಅಂಗಡಿಯಾಕೆ ನನ್ನನ್ನೇ ಬೈದಳು: "ಹತ್ತ ಸಲ ಹಚ್ಚೀನಿ, ಸ್ವಿಚ್ ಆಫ್! ಕಾಲೇಜ್ ಕಲಿಯಾಕಿ, ಬಂದ್ ಆಗಿದ್ದ ನಂಬರ್ ಬರೀತಾರೇನವಾ?"

ಆಗ ನೋಡಿದೆ. ಅದು ನಿನ್ನ ನಂಬರ್. ಹಾಸ್ಟೆಲ್ ಫೋನಿನಿಂದ ಪ್ರತಿ ಭಾನುವಾರ ಒತ್ತುತ್ತಿದ್ದದ್ದು. ಗಾಡಿ ಓಡಿಸುತ್ತಿದ್ದರೆ ನೀನು ಎತ್ತುತ್ತಿರಲಿಲ್ಲ, ಆಮೇಲೆ ನೀನೇ ಹಚ್ಚುತ್ತಿದ್ದೆ. ನನಗೆ ಬಾಯಿಪಾಠ ಇರುವುದು ಅದೊಂದೇ. ಆ ಕೊನೆಯ ಭಾನುವಾರ ಮಾತ್ರ ಒತ್ತಿರಲಿಲ್ಲ, ಟೆಸ್ಟ್ ಇತ್ತು.

ವಾಪಸು ಬಸ್ಸಿನಲ್ಲಿ ಅದನ್ನು ಅಳಿಸಿ, ಮೊಬೈಲ್ ನೋಡಿಕೊಂಡು ಅವ್ವನ ನಂಬರ್ ಬರೆಯಲು ಹೋದೆ. ಪೂನಮ್ ಕೈ ಎಳೆದುಕೊಂಡಳು.

"ಅಳಸಬ್ಯಾಡ ಅಕ್ಕಾ. ಅಪ್ಪ ಗಾಡಿ ಹೊಡ್ಯಾಕತ್ತಿರಬೇಕು. ಆಮ್ಯಾಲ ಹಚ್ಚತಾನ."

ಅವಳ ಇನ್ನೊಂದು ಕೈಮೇಲೆ ಬರೆದೆ.