ತೂಬಿನವರೆಗೆ ಕೇಳುವ ವಾಕಿಟಾಕಿ

ದೇಶನೂರು

ಗಾಂಧಿನಗರದ ಆಟಿಕೆ ಅಂಗಡಿಯ ಅಮರೇಶ್ ಅವರಿಗೆ,

ರೆಸ್ಪೆಕ್ಟೆಡ್ ಸರ್,

ಮೊಮ್ಮಕ್ಕಳಿಬ್ಬರಿಗೆ ವಾಕಿಟಾಕಿ ಬೇಕಾಗಿದೆ. ಬಣ್ಣ ಯಾವುದಾದರೂ ಸರಿ, ನಮ್ಮ ಮಾಳಿಗೆಯಿಂದ ಭತ್ತದ ಗದ್ದೆ ದಾಟಿ ಕಾಲುವೆಯ ತೂಬಿನವರೆಗೆ ಮಾತು ಮುಟ್ಟಬೇಕು. ಕಾಲೇಜಿನಲ್ಲಿ ‘ಸೌಂಡ್ ಟ್ರಾವೆಲ್ಸ್’ ಎಂದು ಏನೋ ಓದಿದ್ದೆ, ಮುಂದಿನದು ಮರೆತಿದೆ. ನನ್ನಾಕೆ ಶಿವಬಸಮ್ಮ ಮಾಳಿಗೆಯ ಮೇಲೆ ನಿಂತು ಹೆಸರನ್ನು ಉದ್ದಕ್ಕೆ ಎಳೆದು ಕೂಗಿದರೆ, ಆ ಕೂಗು ತೆನೆಗಳ ಮೇಲೆ ತೇಲಿ ಹೋಗಿ ಮಕ್ಕಳನ್ನು ಕರೆತರುತ್ತಿತ್ತು. ಆಕೆ ಹೋದ ಮೇಲೆ ಮಗಳು, “ಕಾಲುವಿ ದಂಡಿಯಿಂದ ಅವರನ್ನ ಕರಿಯೋರು ಯಾರದಾರಪ್ಪಾ? ಈ ದಸರಾ ರಜಾಕ್ಕ ಕಳ್ಸಂಗಿಲ್ಲ” ಅಂದಿದ್ದಾಳೆ.

ಎರಡಲ್ಲ, ಮೂರು ಕಳಿಸಿ. ಒಂದು ನನಗೆ. ಸಿರುಗುಪ್ಪ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟರೂ ಆದೀತು.

ನಿನ್ನೆ ಬೆಳಗಿನ ಮಂಜಿನಲ್ಲಿ ನಾನೂ ಮಾಳಿಗೆ ಹತ್ತಿ ಕೂಗಿ ನೋಡಿದೆ. ಗದ್ದೆಯ ಬೆಳ್ಳಕ್ಕಿಗಳು ಕೂಡ ಏಳಲಿಲ್ಲ.

ಯುವರ್ಸ್ ಒಬಿಡಿಯೆಂಟ್ಲಿ,
ಕೊಟ್ಟೂರಪ್ಪ