ಕಪ್ಪು ಅಕ್ಷರದ ತೊಂಬತ್ತಾರು

ಮಾರ್ಚ್ 3, ಸೋಮವಾರ, ಬೆಳಿಗ್ಗೆ 8.40

ಇವತ್ತೂ ಅದೇ ಗೋಳು. ಬೇರೆಯವರು ಕೆಡಿಸಿಟ್ಟ ಮಾಡೆಲ್, ಅಂದರೆ ಕಂಪ್ಯೂಟರಿನ ಲೆಕ್ಕದ ಹಾಳೆ, ತೊಳೆಯುವುದು. ಸೂತ್ರ ಇರಬೇಕಾದ ಕಡೆ ಅಂಕಿ ಕುಟ್ಟಿದ್ದಾರೆ, ಅದೂ ಕಪ್ಪು ಬಣ್ಣದಲ್ಲಿ. ಕೈಯಿಂದ ಟೈಪ್ ಮಾಡಿದ್ದು ನೀಲಿ, ಸೂತ್ರ ಕಪ್ಪು — ಈ ಕಸುಬಿನಲ್ಲಿ ಮೊದಲ ದಿನವೇ ಹೇಳಿಕೊಡುವ ಪಾಠ. ಕಪ್ಪು ಅಂಕಿಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಲೆಕ್ಕ ತಾನೇ ಮಾಡಿಕೊಂಡಿದೆ ಎಂದು ನಂಬಿಬಿಡುತ್ತಾರೆ. ಇಂಥದ್ದು ಮಾಡುವವರ ಬೆರಳು ಮುರಿಯಬೇಕು. ಹದಿಮೂರು ವರ್ಷದಲ್ಲಿ ನಾನು ಒಂದು ಸಲವೂ ಮಾಡಿಲ್ಲ.

ಹೊಸ ಕೆಲಸ ಬಂದಿದೆ. ಗಾಜಿನ ಬಾಟಲಿ ಕಂಪನಿ. ಅವರ ಎರಡನೇ ಘಟಕ ಇರಬೇಕೋ ಮುಚ್ಚಬೇಕೋ, ನಾವು ಹೇಳಬೇಕು. ನಮ್ಮ ಬಾಸ್, ಅಂದರೆ ಸ್ಲೈಡ್ ಸಾಹೇಬರು, ಆಗಲೇ ಮೊದಲ ಪುಟಕ್ಕೆ ಚಿತ್ರ ಹುಡುಕುತ್ತಿದ್ದಾರೆ. ಉತ್ತರ ಇನ್ನೂ ಇಲ್ಲ, ಸೂರ್ಯೋದಯದ ಫೋಟೊ ಸಿದ್ಧ.

ಮಾರ್ಚ್ 6, ಸಂಜೆ 5

ಎರಡನೇ ಘಟಕದ ಎಂಜಿನಿಯರ್ ಬಂದಿದ್ದರು. ಕುಲುಮೆ ಮಾಸ್ತರು ಎಂದು ಹೆಸರಿಟ್ಟೆ. ಅಂಗಿ ತೋಳು ಸುಟ್ಟು ತೂತಾಗಿದೆ, ಅದನ್ನೇ ಹಾಕಿಕೊಂಡು ಮೀಟಿಂಗಿಗೆ! ಘಟಕದ ಮಾಹಿತಿ ತುಂಬಿಕೊಡಬೇಕಾದ ಫಾರ್ಮ್ ಎಲ್ಲಿ ಅಂದರೆ ಕುಲುಮೆಯ ಪುರಾಣ ಶುರು. ಒಮ್ಮೆ ಆರಿಸಿದರೆ ಒಳಗಿನ ಇಟ್ಟಿಗೆ ಬಿರುಕು ಬಿಡುತ್ತದಂತೆ, ಮತ್ತೆ ಹಚ್ಚುವ ಹಾಗಿಲ್ಲವಂತೆ.

“ನಮ್ಮ ಘಟಕ ವರ್ಷಕ್ಕೆ ಇಪ್ಪತ್ತಾರು ದಿನ ಮಾತ್ರ ಉತ್ಪಾದನೆ ನಿಲ್ಸೋದು ಮೇಡಂ. ಬರ್ಕೊಳ್ಳಿ.”

“ಫಾರ್ಮಲ್ಲಿ ಬರೆದು ಕಳ್ಸಿ. ಬಾಯಿಮಾತೆಲ್ಲ ನಾನು ಬರ್ಕೊಳ್ಳಲ್ಲ.”

ಎಲ್ಲರಿಗೂ ತಮ್ಮ ಘಟಕವೇ ಬಂಗಾರ. ಎಷ್ಟು ಜನ ಹೀಗೆ ಬಂದು ಮೂಗಿಗೆ ತುಪ್ಪ ಸವರಲು ನೋಡಿಲ್ಲ... ಫಾರ್ಮ್ ಬರುವ ತನಕ ಸದ್ಯಕ್ಕೆ ಒಂದು ಅಂಕಿ ಹಾಕಿ ಮುಂದೆ ಹೋದೆ. ಸಾಹೇಬರಿಗೆ ಆರು ಗಂಟೆಗೆ ಗ್ರಾಫ್ ಬೇಕಂತೆ.

ಮಾರ್ಚ್ 10

ಫಾರ್ಮ್ ಬಂತು. ಮಾಹಿತಿ ಹಾಳೆಗೆ ಅಂಟಿಸಿದೆ, ಮಾಡೆಲ್ ತಾನೇ ಎತ್ತಿಕೊಳ್ಳುತ್ತದೆ. ಮಾಸ್ತರು ಫೋನ್ ಬೇರೆ ಮಾಡಿದರು: “ಇಪ್ಪತ್ತಾರು, ನೋಡಿದ್ರಾ ಮೇಡಂ?” ನೋಡಿದೆ ಮಾರಾಯ, ನೋಡಿದೆ.

ಮನೆಯಲ್ಲಿ ಇವರು ಗಣಿತದ ಪತ್ರಿಕೆ ತಿದ್ದುತ್ತಿದ್ದರು. ಉತ್ತರ ತಪ್ಪಿದ್ದರೂ ದಾರಿ ಸರಿ ಇದ್ದರೆ ಅರ್ಧ ಅಂಕ ಕೊಡುತ್ತಾರೆ.

“ಇವ್ರೇ ಮುಂದೆ ನಮ್ಮ ಆಫೀಸಿಗೆ ಬರೋದು,” ಅಂದೆ.

“ನಿನ್ನ ಕಣ್ಣಿಗೆ ಯಾರಾದ್ರೂ ಸರಿಯಾಗಿ ಕಾಣ್ತಾರೇನೇ?”

“ನೀವು. ವಾರಕ್ಕೆ ಎರಡು ದಿನ.”

ಮಾರ್ಚ್ 19, ಮಧ್ಯಾಹ್ನ

ಬಾಟಲಿ ಕಂಪನಿಯ ಬೋರ್ಡ್ ಮೀಟಿಂಗ್ ಮುಗಿಯಿತು. ಮಾಡೆಲ್ ಹೇಳಿದ್ದು — ಎರಡನೇ ಘಟಕ ಮುಚ್ಚಿ. ಬೋರ್ಡು ಒಪ್ಪಿತು. ಇನ್ನೂರ ಹನ್ನೆರಡು ಜನ. ಏಪ್ರಿಲ್ 11ರ ಬೆಳಿಗ್ಗೆ ಹತ್ತಕ್ಕೆ ಕುಲುಮೆ ಆರಿಸುತ್ತಾರೆ. ಸಾಹೇಬರು ‘ಕಷ್ಟದ ಆದರೆ ದಿಟ್ಟ ಹೆಜ್ಜೆ’ ಎಂದರು. ಹೆಜ್ಜೆ ಇಡುವವರು ಬೇರೆ, ಬಿಲ್ ಕಳಿಸುವವರು ನಾವು.

ಲಿಫ್ಟ್ ಹತ್ತಿರ ಮಾಸ್ತರು ನಿಂತಿದ್ದರು. ಅವರನ್ನು ಒಳಗೆ ಕರೆದಿರಲಿಲ್ಲ.

“ಮೇಡಂ, ಎಷ್ಟು ದಿನ ಹಾಕಿದ್ರಿ?”

“ನೀವು ಕೊಟ್ಟಿದ್ದೇ.”

“ಇಪ್ಪತ್ತಾರು ಹಾಕಿದ್ರೆ ಹೀಗೆ ಬರಬಾರ್ದಿತ್ತಲ್ಲ...”

ಇವರಿಗೆ ನನ್ನ ಮಾಡೆಲ್ ಅರ್ಥವಾಗುತ್ತದೆಯೇ? ಲಿಫ್ಟ್ ಬಂತು, ಹತ್ತಿದೆ.

ಏಪ್ರಿಲ್ 2

ಹೊಸ ಸಾಫ್ಟ್‌ವೇರ್. ಹಳೆಯ ಮಾಡೆಲ್‌ಗಳೆಲ್ಲ ಅದಕ್ಕೆ ಹೋಗಬೇಕಂತೆ. ಮಾರಿದ ಕಂಪನಿಯವರು ಒಬ್ಬರನ್ನು ಕಳಿಸಿದ್ದಾರೆ. ನರೆತ ಗಡ್ಡ, ಮೆಲುದನಿ, ಕೂತರೆ ಏಳುವುದಿಲ್ಲ. ಪ್ರವಚನಕಾರರು ಎಂದು ಕರೆಯುತ್ತಿದ್ದೇನೆ. ಸೂತ್ರದ ಸಾಲಿನಲ್ಲಿ ಟೈಪ್ ಮಾಡಿದ ಅಂಕಿ ಸಿಕ್ಕರೆ ಸಾಫ್ಟ್‌ವೇರ್ ಅದನ್ನು ಕೆಂಪು ಮಾಡುತ್ತದಂತೆ. ಎಳೆ ಮಕ್ಕಳಿಗೆ ಒಳ್ಳೆಯ ಆಟಿಕೆ. ನನಗೇಕೆ?

ಏಪ್ರಿಲ್ 9, ಮಧ್ಯಾಹ್ನ 3.10

ಪ್ರವಚನಕಾರರು ಎಲ್ಲರೆದುರು ತೋರಿಸಲು ಒಂದು ಮಾಡೆಲ್ ಕೇಳಿದರು. ನಾನೇ ಕೊಟ್ಟೆ, ಬಾಟಲಿ ಕಂಪನಿಯದು. “ಇದ್ರಲ್ಲಿ ನಿಮಗೆ ಏನೂ ಸಿಗಲ್ಲ,” ಎಂದೂ ಅಂದೆ.

ದೊಡ್ಡ ಪರದೆ. ಸಾಲು ಸಾಲು ಕಪ್ಪು. ನಡುವೆ ಒಂದು ಕೆಂಪು. ಎರಡನೇ ಘಟಕ, ಉತ್ಪಾದನೆ ನಿಲ್ಲುವ ದಿನ: 96.

ಸದ್ಯಕ್ಕೆ ಹಾಕಿದ ಅಂಕಿ. ಸೂತ್ರದ ಮೇಲೇ ಕುಟ್ಟಿದ್ದೆ, ಬಣ್ಣ ಬದಲಿಸಿರಲಿಲ್ಲ. ಮಾಸ್ತರ ಇಪ್ಪತ್ತಾರು ಪಕ್ಕದ ಹಾಳೆಯಲ್ಲಿ ಸುಮ್ಮನೆ ಕೂತಿತ್ತು.

ಪ್ರವಚನಕಾರರು ನನ್ನ ಮುಖ ನೋಡಿ ಪರದೆ ಬದಲಿಸಿದರು. ಅಣಕಿಸಿದ್ದರೆ ವಾಸಿಯಿತ್ತು.

4.30

ಇಪ್ಪತ್ತಾರು ಹಾಕಿ ನೋಡಿದೆ. ಮುಚ್ಚುವ ಮಾತೇ ಇಲ್ಲ. ಘಟಕ ಚೆನ್ನಾಗಿಯೇ ನಡೆಯುತ್ತದೆ.

ಸಾಹೇಬರ ಕೋಣೆಗೆ ಹೋಗಿ ಹೇಳಿದೆ. ಬಾಗಿಲು ಹಾಕಿಸಿದರು.

“ಅದನ್ನ ನೀಲಿ ಮಾಡ್ಬಿಡಿ. ಅಂದಾಜು ಅಂತ ಒಂದು ಟಿಪ್ಪಣಿ ಹಾಕಿ. ಬೋರ್ಡ್ ಒಪ್ಪಿ ಆಯ್ತಲ್ಲ, ಈಗ ಯಾಕೆ ಕೆದಕ್ತೀರಾ? ನಿಮ್ಮ ಹೆಸರೇ ಹಾಳಾಗೋದು.”

ಥೂ. ಸೂರ್ಯೋದಯದ ಮನುಷ್ಯ. ಇವರಷ್ಟು ಅಗ್ಗದವರನ್ನು ನೋಡಿಲ್ಲ ಅಂದುಕೊಂಡು ಸೀಟಿಗೆ ಬಂದೆ.

ನೀಲಿ ಮಾಡಿದೆ. ಟಿಪ್ಪಣಿಯನ್ನೂ ಹಾಕಿದೆ.

ಏಪ್ರಿಲ್ 11, ಶುಕ್ರವಾರ, ಬೆಳಿಗ್ಗೆ 9.40

ನಿನ್ನೆ ರಜೆ ಹಾಕಿದ್ದೆ. ಇವರು ಏನಾಯಿತು ಎಂದು ಕೇಳಿದರು. ತಲೆನೋವು ಅಂದೆ. ಮೇಜಿನ ಮೇಲೆ ಪತ್ರಿಕೆಗಳ ಕಟ್ಟು, ಕೆಂಪು ಪೆನ್ನು. ಯಾವುದೋ ಹುಡುಗಿ ತಪ್ಪು ಉತ್ತರವನ್ನು ತಾನೇ ಹೊಡೆದುಹಾಕಿ ಕೆಳಗೆ ಸರಿಯಾಗಿ ಬರೆದಿದ್ದಳು. ಇವರು ಪೂರ್ತಿ ಅಂಕ ಕೊಟ್ಟಿದ್ದಾರೆ. ನನಗೆ ನಾಚಿಕೆಯಾಯಿತು.

ಈಗ ಆಫೀಸಿನಿಂದ ಮಾಸ್ತರಿಗೆ ಫೋನ್ ಮಾಡಿದೆ.

“ಕುಲುಮೆ ಆರಿಸಿಬಿಟ್ರಾ?”

“ಹತ್ತು ಗಂಟೆಗೆ ಮೇಡಂ. ಎಲ್ಲಾ ಬಂದು ನಿಂತಿದಾರೆ.”

“ನಿಮ್ಮ ಇಪ್ಪತ್ತಾರು ಸರಿ. ಮಾಡೆಲ್ ತಪ್ಪು.”

ಬೈಯುತ್ತಾರೆ ಎಂದು ಕಾದೆ.

“ಬಾಯಿಮಾತು ನಡೆಯಲ್ಲ ಮೇಡಂ. ಬೋರ್ಡಿಗೆ ಬರೆದು ಕಳ್ಸಿ, ನನಗೂ ಒಂದು ಪ್ರತಿ. ಅಲ್ಲಿವರ್ಗೂ ಕುಲುಮೆಯ ಗ್ಯಾಸ್ ವಾಲ್ವ್ ಮುಟ್ಟೋಕೆ ಬಿಡಲ್ಲ.”

ಮೇಲ್‌ನಲ್ಲಿ ಹಾಕುವ ಮುಂಚೆ ಇಲ್ಲೇ ಬರೆದು ನೋಡುತ್ತೇನೆ.

‘ಮಾಡೆಲ್‌ನಲ್ಲಿ ಅಂಕಿಯೊಂದು ತಪ್ಪಾಗಿ ದಾಖಲಾಗಿದೆ...’ ಛೀ, ಸಾಹೇಬರ ಭಾಷೆ. ತಾನಾಗಿ ದಾಖಲಾಯಿತೇ?

‘ನಮ್ಮ ತಂಡದ ಕಡೆಯಿಂದ...’ ಯಾವ ತಂಡ?

9.52. ಸಾಹೇಬರು ಗಾಜಿನ ಬಾಗಿಲ ಆಚೆಯಿಂದ ಬರುತ್ತಿದ್ದಾರೆ.

‘ಕುಲುಮೆ ಆರಿಸಬೇಡಿ. ಎಂಜಿನಿಯರ್ ಮೂರು ಸಲ ಹೇಳಿದ್ದರು, ಕೇಳಲಿಲ್ಲ. ತೊಂಬತ್ತಾರು ಎಂದು ಟೈಪ್ ಮಾಡಿದ್ದೂ, ಆಮೇಲೆ ಅದಕ್ಕೆ ನೀಲಿ ಬಳಿದಿದ್ದೂ ನಾ—