ಗೋಡೆ ಬಳಿಯುವವರ ಕುರ್ಚಿ

ಅರಿಶಿನಕುಂಟೆ
ಶ್ರಾವಣ, ೧೯೭೪

ಊರಿಗೆಲ್ಲ ನರ್ಸಮ್ಮ, ನನಗೆ ಮಾತ್ರ ಅಕ್ಕನಾಗಿದ್ದ ಸುಶೀಲಕ್ಕನಿಗೆ,

ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿ ಅಮ್ಮನ ಹತ್ತಿರ ಬೈಸಿಕೊಂಡೆ. ನಿನ್ನೆ ನೆಲಮಂಗಲದ ಮಲೇರಿಯಾ ಆಫೀಸಿನಲ್ಲಿ ಆದದ್ದನ್ನು ನಿಮಗಲ್ಲದೆ ಯಾರಿಗೆ ಹೇಳಲಿ?

ಹೋದ ವರ್ಷ ಗೌರಿ ಹಬ್ಬದ ಮುಂಚೆ ಸೊಳ್ಳೆ ಸಾಯಲೆಂದು ಆಳುಗಳು ಬಂದು ಮನೆಮನೆಯ ಗೋಡೆಗೂ ಡಿಡಿಟಿ ಹೊಡೆದು ಹೋದರಲ್ಲ, ನೆನಪಿದೆಯಾ? ಹಬ್ಬ ಬಂತೆಂದು ನಾವು ಹುಡುಗಿಯರು ಅದರ ಮೇಲೇ ಸುಣ್ಣ ಬಳಿದುಬಿಟ್ಟೆವು. ಮದ್ದು ಸುಣ್ಣದಡಿಗೆ ಹೋಯಿತು, ಚಳಿಜ್ವರ ಊರಲ್ಲೇ ಉಳಿಯಿತು. ನನ್ನ ತಮ್ಮ ಶಿವು ಎರಡು ಕಂಬಳಿ ಹೊದ್ದರೂ ಗಡಗಡ ನಡುಗುತ್ತಿದ್ದ. ಎಲ್ಲರೂ ನಮಗೇ ಬೈದರು. ನೀವೊಬ್ಬರೇ ಜಗಲಿ ಮೇಲೆ ಕೂತು, "ನೀವೇ ಹೇಳ್ರೇ, ಯಾವಾಗ ಹೊಡೆದ್ರೆ ಮದ್ದು ಉಳಿಯುತ್ತೆ?" ಎಂದಿರಿ. "ಹಬ್ಬ ಆದ್ಮೇಲೆ ಬನ್ನಿ ಅಕ್ಕ. ಆಮೇಲೆ ಉಗಾದಿಗಂಟ ಯಾರೂ ಗೋಡೆ ಮುಟ್ಟಲ್ಲ" ಎಂದೆ. ಅಲ್ಲಿಯವರೆಗೆ ನೀರು ತಂದೆಯಾ, ಮುಸುರೆ ತಿಕ್ಕಿದೆಯಾ ಅನ್ನುವುದು ಬಿಟ್ಟು ನನ್ನನ್ನು ಯಾರು ಏನು ಕೇಳಿದ್ದರು?

ಅದನ್ನೇ ಹೇಳಿಸಲು ನನ್ನನ್ನು ಆಫೀಸಿಗೆ ಕರೆದುಕೊಂಡು ಹೋದಿರಿ. "ಏನಮ್ಮ, ಈ ಮಗೂನ ಯಾಕೆ ಕರ್ಕೊಂಡ್ ಬಂದ್ರಿ?" ಎಂದರು ಆಗಿನ ಸಾಹೇಬರು. "ಗೋಡೆ ಬಳಿಯೋರು ಈ ಹುಡುಗೀರೇ ಸಾರ್. ಇವರನ್ನ ಕೇಳ್ದೆ ಇನ್ಯಾರನ್ನ ಕೇಳ್ಲಿ?" ನಿಮಗೆ ಮಾತ್ರ ಕುರ್ಚಿ ತೋರಿಸಿದರು. ನೀವು ಕೂರಲಿಲ್ಲ. ನಾನೋ, ಯಾವಾಗ ಹೊರಗೆ ಓಡುತ್ತೇನೋ ಎಂದು... ವಾಪಸ್ ಬರುವಾಗ ಬಸ್ಸಿನಲ್ಲಿ, "ಆ ಕೋಣೇಲಿ ನಿಮಗೆಲ್ಲರಿಗೂ ಕುರ್ಚಿ ಹಾಕಿಸ್ತೀನಿ ಕಣೇ ಜಯಾ, ನೋಡ್ತಿರು" ಎಂದಿರಿ.

ದೀಪಾವಳಿಯ ಹೊತ್ತಿಗೆ ಎದೆನೋವೆಂದು ಮಲಗಿದವರು ಏಳಲೇ ಇಲ್ಲ. ಮಾತು ಕೊಟ್ಟು ಹೀಗೆ ಹೋಗುವುದಾ ಅಕ್ಕ? ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ? ಈಗಲೂ ಪೂರ್ತಿ ಹೋಗಿಲ್ಲ.

ಈ ವರ್ಷವೂ ಮದ್ದಿನವರು ಹಬ್ಬದ ಮುಂಚೆಯೇ ಬರುತ್ತಾರೆಂದು ತಿಳಿಯಿತು. ಶಿವು ಈಗಷ್ಟೇ ಚೇತರಿಸಿಕೊಂಡು ಸ್ಕೂಲಿಗೆ ಹೋಗುತ್ತಿದ್ದಾನೆ, ಮತ್ತೆ ಅದೇ ನಡುಕವಾ? ನಮ್ಮ ಕೇರಿಯ ಹುಡುಗಿಯರನ್ನೆಲ್ಲ ಹೊರಡಿಸಿ, ಯಾರೂ ಕರೆಯದಿದ್ದರೂ ಬಸ್ಸು ಹತ್ತಿದೆ. ಜವಾನ ನನ್ನೊಬ್ಬಳನ್ನೇ ಒಳಗೆ ಬಿಟ್ಟ. ಹೊಸ ಸಾಹೇಬರು ಒಳ್ಳೆಯವರು. "ಕೂತ್ಕೋಮ್ಮ" ಎಂದು ಕುರ್ಚಿ ತೋರಿಸಿ, "ಯಾವಾಗ ಬಂದ್ರೆ ಅನುಕೂಲ, ಹೇಳು" ಎಂದರು.

ಕೂರಲು ಆಸೆಯಾಯಿತು ಅಕ್ಕ, ಸುಳ್ಳು ಹೇಳುವುದಿಲ್ಲ. ಆದರೆ ಊರಿನ ಗೋಡೆಗಳನ್ನೆಲ್ಲ ನಾನೊಬ್ಬಳೇ ಬಳಿಯುತ್ತೇನಾ? "ನಾನೊಬ್ಳೇ ಹೇಳಲ್ಲ ಸಾರ್, ಅವ್ರೂ ಒಳಗೆ ಬರ್ಲಿ" ಎಂದೆ. ಮುಖ ಗಂಟಿಕ್ಕಿದರು. ಬಾಗಿಲ ಕಡೆ ನೋಡಿದರು. ಆಮೇಲೆ ಜವಾನನನ್ನು ಕೂಗಿ ಬಿಡಲು ಹೇಳಿದರು. ನುಗ್ಗಿದವರು ಅವರ ಎದುರಿಗೇ ಜಗಳಕ್ಕೆ ನಿಂತರು. ಹಬ್ಬದ ಮಾರನೇ ದಿನವೇ ಬರಲಿ ಎಂದು ಒಬ್ಬಳು, ಗೌರಮ್ಮನನ್ನು ನೀರಿಗೆ ಬಿಟ್ಟುಬರುವ ತನಕ ಬೇಡ ಎಂದು ಇನ್ನೊಬ್ಬಳು. ಕೊನೆಗೆ ಎಲ್ಲರೂ ಒಪ್ಪಿದ ದಿನಕ್ಕೇ ಮದ್ದಿನವರು ಬರುತ್ತಾರೆ.

ಕುರ್ಚಿ ಸಾಲಲಿಲ್ಲ ಅಕ್ಕ. ಆ ದಿನವನ್ನು ಸಾಹೇಬರು ನಿಂತುಕೊಂಡೇ ಬರೆದುಕೊಂಡರು.

ನಿಮ್ಮ ಜಯಾ